ಹೊಳಲ್ಕೆರೆಯಲ್ಲಿ ಪೂಜೆ ಇಳಿಯುವ ತನಕ

ವಿಜಯದಶಮಿಯ ಬೆಳಗ್ಗೆ ಚಿತ್ರದುರ್ಗದ ಬಸ್ ನಿಲ್ದಾಣಕ್ಕೆ ನಾವು ಮೂವರು ಬಂದಾಗ, ಹಿಂದಿನ ದಿನದ ಆಯುಧಪೂಜೆಯ ಬಾಳೆಕಂದು ಇನ್ನೂ ಬಸ್ಸುಗಳ ಮೂತಿಗೆ ಕಟ್ಟಿಯೇ ಇತ್ತು. ಚೆಂಡುಹೂವಿನ ಹಾರ ಬಾಡಿರಲಿಲ್ಲ. ನೆಲದ ತುಂಬ ಒಡೆದ ಬೂದುಗುಂಬಳದ ಹೋಳು. ಹಿರಿಯೂರು ಬಸ್ಸಿನ ಮೆಟ್ಟಿಲ ಬಳಿ ಅಂಥದೊಂದು ಹೋಳಿನ ಮೇಲೆ ದಸ್ತಗೀರ್ ಸಾಬರು ಕಾಲಿಟ್ಟು ಜಾರಿದರು. ಹಿಂದೆ ಇದ್ದ ಅವರ ಮಗಳು ನಸೀಮಾ ತಟ್ಟನೆ ರಟ್ಟೆ ಹಿಡಿದಳು.

“ಬಸ್ ಹತ್ತಾಕೇ ಆಗಲ್ಲ, ಇವ್ರು ಮಿಷನ್ ಓಡಿಸ್ತಾರಂತೆ,” ಎಂದಳು. ನಗಲಿಲ್ಲ.

ನಾನು ನಕ್ಕೆ. ನಕ್ಕಿದ್ದು ತಪ್ಪಾಯಿತೆಂದು ಆಗಲೇ ಗೊತ್ತಾಯಿತು.

ನಾವು ಹೊರಟಿದ್ದು ಒಂದು ಮಿಲ್ಲಿಂಗ್ ಮಿಷನ್ ಆರಿಸುವುದಕ್ಕೆ. ಮೇಜಿಗೆ ಬಿಗಿದ ಲೋಹದ ತುಂಡನ್ನು, ಮೇಲಿನಿಂದ ತಿರುಗುವ ಕಟರ್ ಬೇಕಾದ ಆಕಾರಕ್ಕೆ ಹೆರೆಯುವ ಯಂತ್ರ ಅದು. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಸಾಬರು ನಮ್ಮದೇ ಬೀದಿಯವರು, ಪಂಪ್ ರಿಪೇರಿ ಶೆಡ್ ಇಟ್ಟುಕೊಂಡು ಬದುಕಿದವರು. ಶೆಡ್ ಮುಚ್ಚಿದ ಮೇಲೆ ಅವರ ಹತಾರಗಳೆಲ್ಲ ನಮ್ಮ ಹಿತ್ತಲ ಕೋಣೆಗೆ ಬಂದವು. ನಾನು ನಕ್ಷೆ ಬರೆಯುತ್ತೇನೆ, ಅವರು ಹಿತ್ತಾಳೆ ಕೊರೆಯುತ್ತಾರೆ. ಅಂಗೈ ಅಗಲದ ಉಗಿ ಎಂಜಿನ್ನು ಮಾಡಿ, ಸ್ಪಿರಿಟ್ ದೀಪ ಹಚ್ಚಿ, ಅದರ ಚಕ್ರ ಗಿರಗಿರ ತಿರುಗುವುದನ್ನು ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡುತ್ತೇವೆ. ಯಾರಿಗೂ ಉಪಯೋಗವಿಲ್ಲದ, ನಮಗೆ ಮಾತ್ರ ಸುಖ ಕೊಡುವ ಕೆಲಸ.

ಹೋದ ಬೇಸಿಗೆಯಲ್ಲಿ ಎಂಜಿನ್ನಿನ ಒಂದು ಭಾಗಕ್ಕೆ ಕಿರುಗಾಲುವೆಯಂಥ ಗಾಡಿ ತೆಗೆಯಬೇಕಾಗಿತ್ತು. ಮಿಲ್ಲಿಂಗ್ ಮಿಷನ್ ಇರಲಿಲ್ಲ. ಡ್ರಿಲ್ಲಿಂಗ್ ಮಿಷನ್ನಿಗೇ ಕಟರ್ ಹಾಕಿ ಕೆಲಸವನ್ನು ಪಕ್ಕಕ್ಕೆ ತಳ್ಳಿದೆವು. ಕಟರನ್ನು ಕಚ್ಚಿ ಹಿಡಿಯುವ ಡ್ರಿಲ್ಲಿನ ಚಕ್ಕು ಕೆಳಗೆ ಒತ್ತುವಾಗ ಗಟ್ಟಿಯಾಗಿ ಕೂರುತ್ತದೆ, ಪಕ್ಕದಿಂದ ಹೊಡೆತ ಬಿದ್ದರೆ ಸಡಿಲವಾಗುತ್ತದೆ. ಅದು ತಿರುಗುತ್ತಿದ್ದಂತೆಯೇ ಕಳಚಿ ಸಾಬರ ಬಲಗೈ ಮೇಲೆ ಬಿತ್ತು. ನಸೀಮಾ ಆಸ್ಪತ್ರೆಯಲ್ಲಿ ನರ್ಸು. ಅಪ್ಪನ ಅಂಗೈಗೆ ಹೊಲಿಗೆ ಹಾಕುವಾಗ ಟ್ರೇ ಹಿಡಿದು ನಿಂತಿದ್ದವಳು ಅವಳೇ.

ಗಾಯ ಮಾಗಿತು. ಸಾಬರು ಮಾತ್ರ ನಮ್ಮ ಹಿತ್ತಲಿಗೆ ಬರಲಿಲ್ಲ. ಮಗಳು ಒಂದೇ ಮಾತು ಹೇಳಿದ್ದಳು: “ನನ್ ಕಣ್ಣಿಂದ ನೋಡಿ ನಾನು ಹ್ಞೂಂ ಅಂದ ಮಿಷನ್ ಬಂದ್ರೆ ಅಬ್ಬಾ ಆ ಕೋಣೆಗೆ ಬರ್ತಾರೆ. ನಾನು ಊಹ್ಞೂಂ ಅಂದ್ರೆ ಅಲ್ಲಿಗೆ ಮುಗೀತು ಸಾರ್.” ಅಂದಿನಿಂದ ಅವರು ತಮ್ಮ ಮನೆಯ ಕಟ್ಟೆಯ ಮೇಲೆ ಕೂತು ಹೋಗಿಬರುವ ಬೈಕುಗಳ ಎಂಜಿನ್ ಸದ್ದು ಕೇಳುತ್ತಿದ್ದರು. ನಮ್ಮ ಮನೆ ಮುಂದೆ ಹಾದುಹೋಗುವಾಗ ಮುಖ ಆ ಕಡೆ ತಿರುಗಿಸುತ್ತಿದ್ದರು. ಅದನ್ನು ನೋಡಲು ನನಗಾಗುತ್ತಿರಲಿಲ್ಲ.

ನೋಡಲು ಮೂರು ಮಿಷನ್ ಇದ್ದವು. ಹಿರಿಯೂರಿನ ಅಂಗಡಿಯಲ್ಲಿ ಒಂದು ಹೊಸದು, ಹೊಸದುರ್ಗದಲ್ಲಿ ಒಂದು ಹಳೆಯದು, ಹೊಳಲ್ಕೆರೆಯಲ್ಲಿ ಇನ್ನೊಂದು. ಹೊಳಲ್ಕೆರೆಯದನ್ನು ಮರುದಿನ ಬೆಳಗ್ಗೆ ಗುಜರಿಯವರು ಒಡೆದು ಒಯ್ಯುವವರಿದ್ದರು. ನಸೀಮಾಗೆ ರಜೆ ಸಿಕ್ಕಿದ್ದು ಅವತ್ತೊಂದೇ ದಿನ. ನನ್ನ ಕೈಯಲ್ಲಿ ಹಿತ್ತಲ ಬಾಗಿಲಿನ ಅಗಲಕ್ಕೆ ಸರಿಯಾಗಿ ಕತ್ತರಿಸಿದ ಬಿದಿರು ಕೋಲು. ಸಾಬರ ಜೇಬಿನಲ್ಲಿ ಕರವಸ್ತ್ರದಲ್ಲಿ ಸುತ್ತಿದ, ಕೂದಲೆಳೆಯ ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜು. ನಸೀಮಾ ತಂದದ್ದು ಅವಳ ಎಂದಿನ ಕಪ್ಪು ಚೀಲ.

ಕಂಡಕ್ಟರ್ ಬಂದು ಅವಳ ಆಧಾರ್ ಕಾರ್ಡ್ ನೋಡಿ ಬಿಟ್ಟಿ ಟಿಕೆಟ್ ಹರಿದುಕೊಟ್ಟ. ನಮ್ಮಿಬ್ಬರ ಕಡೆ ತಿರುಗಿ, “ಮೇಡಂದು ಆತು. ಯಜಮಾನ್ರು ಇಬ್ರೂ ಕಾಸು ಬಿಚ್ರಿ,” ಎಂದ. ನನ್ನ ಕೋಲು ನೋಡಿ, “ಇದೇನ್ರಿ, ಬನ್ನಿ ಕೊಯ್ಯಾಕಾ?” ಎಂದು ಕೇಳಿದ. ಬಾಗಿಲಿನ ಅಳತೆ ಎಂದೆ. ಅವನು ಒಂದು ಗಳಿಗೆ ನನ್ನನ್ನೇ ನೋಡಿ ಮುಂದಿನ ಸೀಟಿಗೆ ಹೋದ.

ಹಿರಿಯೂರು ನಲವತ್ತು ಕಿಲೋಮೀಟರ್. ಹೆದ್ದಾರಿಯ ಮೇಲೆ ಒಂದು ಗಂಟೆಯೂ ಹಿಡಿಯಲಿಲ್ಲ. ನಿಲ್ದಾಣದ ಎದುರು ಇಡ್ಲಿ ತಿಂದು ಅಂಗಡಿಗೆ ಹೋದೆವು. ಹಬ್ಬವಾದರೂ ಬಾಗಿಲು ತೆರೆದಿತ್ತು. ಕಲ್ಲಂಗಡಿ ಬಣ್ಣದ ಟೀ ಶರ್ಟ್ ಹಾಕಿದ್ದ ಯುವಕ ಮಿಷನ್ನಿನ ಮೇಲಿನ ಹೂವು ತೆಗೆದಿಟ್ಟು ಸ್ವಿಚ್ ಹಾಕಿದ. ಮೇಜಿನ ಮೇಲೆ ಕೂರುವ ಪುಟ್ಟ ಮಿಷನ್. ಬಿಳಿ ಬಣ್ಣ, ಕಟರ್ ಸುತ್ತ ಪಾರದರ್ಶಕ ತಡೆ, ಮುಂದೆ ಅಣಬೆಯಂಥ ಕೆಂಪು ಬಟನ್. ನಸೀಮಾ ಅದನ್ನು ಒತ್ತಿದಳು. ಮಿಷನ್ ಆ ಕ್ಷಣವೇ ನಿಂತಿತು. ಅವಳ ಮುಖದಲ್ಲಿ ಅವತ್ತಿನ ಮೊದಲ ನಗು ಬಂತು.

“ಸಾರ್, ಇದು ಆಗ್ತದೆ,” ಎಂದಳು ನನಗೆ.

ಸಾಬರು ಗೇಜನ್ನು ಮಿಷನ್ನಿನ ಮೇಜಿಗೆ ಅಂಟಿಸಿ, ಅದರ ಮೊನೆಯನ್ನು ಕಂಬದ ತಲೆಗೆ ತಾಗಿಸಿದರು. ಎಡಗೈಯಿಂದ ತಲೆಯನ್ನು ಮೆಲ್ಲಗೆ ತಳ್ಳಿದರು. ಮುಳ್ಳು ಅರ್ಧ ಸುತ್ತು ಹೋಗಿ ಬಂತು.

“ತೂಗಾಡ್ತದೆ,” ಎಂದರು.

ಯುವಕನಿಗೆ ಸಿಟ್ಟು. “ಮನೇಲಿ ಹವ್ಯಾಸಕ್ಕೆ ಇಷ್ಟು ಸಾಕಲ್ಲ ಯಜಮಾನ್ರೆ. ನೀವೇನು ಮಿಲಿಟ್ರಿ ಟ್ಯಾಂಕ್ ಮಾಡ್ತೀರಾ?”

“ಟ್ಯಾಂಕ್ ಅಲ್ಲಪ್ಪ. ತೂಗಾಡೋ ಮಿಷನ್ ಕಟರ್ ಗಬಕ್ ಅಂತ ಕೆಲಸನ ಕಚ್ಕಂತದೆ. ಕಚ್ಕಂಡ್ರೆ ಕಿತ್ತು ಮೈಮೇಲೆ ಎಸೀತದೆ.”

“ಅದಕ್ಕೇ ಕೆಂಪು ಬಟನ್ ಐತಲ್ಲ ಅಬ್ಬಾ,” ಎಂದಳು ನಸೀಮಾ.

“ಕೆಂಪು ಬಟನ್ ಒತ್ತೋದು ಕೈ ಹೋದ್ಮೇಲೆ, ಬೇಟಿ.”

ಅವಳ ಮುಖ ಕೆಂಪಾಯಿತು. ನಾನು ನಡುವೆ ಬಂದು, ಹಗುರವಾದ ಹಿತ್ತಾಳೆ ಕೆಲಸಕ್ಕೆ ಈ ಮಿಷನ್ ಸಾಕಾಗಬಹುದು, ನಮಗೆ ಬೇಕಾದದ್ದು ಉಕ್ಕನ್ನೂ ತಡೆಯುವಂಥದ್ದು ಎಂದು ಏನೇನೋ ಸಮಾಧಾನ ಹೇಳಿದೆ. ಅದು ಇಬ್ಬರಿಗೂ ತಾಗಲಿಲ್ಲ. ಹೊರಗೆ ಬಂದ ಮೇಲೆ ನಸೀಮಾ, “ನಾನು ಒಪ್ಪಿದ್ದು ಅವ್ರಿಗೆ ಬ್ಯಾಡ. ಅವ್ರು ಒಪ್ಪಿದ್ದಕ್ಕೆ ನಾನ್ಯಾಕೆ ಹ್ಞೂಂ ಅನ್ನಲಿ?” ಎಂದು ಕೇಳಿದಳು.

ಹೊಸದುರ್ಗದ ಬಸ್ಸಿನಲ್ಲಿ ಅಪ್ಪ ಮಗಳು ಬೇರೆ ಬೇರೆ ಸೀಟಿನಲ್ಲಿ ಕೂತರು. ಮಾರಿಕಣಿವೆಯ ಗುಡ್ಡಗಳು ಬಂದು ಹೋದವು. ಕುರಿಮಂದೆಯೊಂದು ರಸ್ತೆ ದಾಟುವ ತನಕ ಬಸ್ಸು ನಿಂತಿತು. ಕುರಿ ಕಾಯುವವನು ಡ್ರೈವರಿಗೆ, “ಅರ್ಜೆಂಟಿದ್ರೆ ಹಾರ್ಕಂಡ್ ಹೋಗಲೇ,” ಎಂದ. ಬಸ್ಸೆಲ್ಲ ನಕ್ಕಿತು. ನಮ್ಮ ಎರಡು ಸೀಟು ನಗಲಿಲ್ಲ. ಅರವತ್ತು ಕಿಲೋಮೀಟರ್ ಹತ್ತಿರದ ದಾರಿ ನನಗೆ ಆರುನೂರಾಯಿತು. ದೂರದ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿದ್ದವು. ಸಾಬರು ಅವನ್ನೇ ನೋಡುತ್ತ ಬಲಗೈಯನ್ನು ಮುಷ್ಟಿ ಕಟ್ಟುತ್ತ, ಬಿಚ್ಚುತ್ತ ಕೂತಿದ್ದರು. ಮುಷ್ಟಿ ಪೂರಾ ಮುಚ್ಚುತ್ತಿರಲಿಲ್ಲ.

ಹೊಸದುರ್ಗದಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿಂದು ತೆಂಗಿನ ಮಂಡಿಯ ಹಿಂದಿನ ಶೆಡ್ಡಿಗೆ ಹೋದೆವು. ಶೆಡ್ಡಿನವನು ಫೋನಿನಲ್ಲಿ ಮಿಲ್ಲಿಂಗ್ ಮಿಷನ್ ಎಂದಿದ್ದ. ನೋಡಿದರೆ ಅದೂ ಡ್ರಿಲ್ಲೇ. ದುಂಡು ಕಂಬ, ಕೆಳಗೆ ತುಂಡನ್ನು ಕಚ್ಚಿ ಹಿಡಿದು ಅಡ್ಡ ಜಾರುವ ಒಂದು ವೈಸು. “ಎರಡೂ ಕೆಲಸ ಮಾಡ್ತದೆ, ನೋಡ್ರಿ ಬೇಕಾರೆ,” ಎಂದು ಕಬ್ಬಿಣದ ತುಂಡೊಂದನ್ನು ಹಿಡಿಸಿ ಚಾಲೂ ಮಾಡಿಯೇ ಬಿಟ್ಟ. ಮಿಷನ್ ಗಡಗಡ ನಡುಗಿತು. ತಿರುಗುವ ಕಟರಿನ ಪಕ್ಕದಿಂದಲೇ ಅವನು ಬರಿಗೈ ಬೆರಳಲ್ಲಿ ಪುಡಿ ಗುಡಿಸತೊಡಗಿದ.

ಸಾಬರು ಎರಡು ಹೆಜ್ಜೆ ಹಿಂದೆ ಸರಿದರು. ಅವರ ಬಲಗೈ ತಾನಾಗಿ ಬೆನ್ನ ಹಿಂದೆ ಹೋಯಿತು.

ಮರುಗಳಿಗೆಯಲ್ಲಿ ಎಲ್ಲ ಸದ್ದೂ ನಿಂತಿತು. ಗೋಡೆಯ ಮೇನ್ ಸ್ವಿಚ್ಚಿನ ಕೆಳಗೆ ನಸೀಮಾ ನಿಂತಿದ್ದಳು. ಶೆಡ್ಡಿನ ಫ್ಯಾನೂ ನಿಂತಿತ್ತು.

“ಏನ್ರಮ್ಮ ಇದು! ಯಾರ ಶೆಡ್ಡಲ್ಲಿ ಯಾರು ಸ್ವಿಚ್ ಆರ್ಸೋದು?”

“ಅಣ್ಣ, ಮೊದ್ಲು ಬೆರಳು ತಗೀರಿ,” ಎಂದಳು. ನನ್ನ ಕಡೆ ತಿರುಗಿದಳು. “ಇದೇ ಅಲ್ವಾ ಸಾರ್? ಅವತ್ತು ಅಬ್ಬಾ ಕೈ ಮೇಲೆ ಬಿದ್ದದ್ದು ಇಂಥದೇ ಅಲ್ವಾ?”

ಹೌದೆಂದು ತಲೆಯಾಡಿಸಿದೆ. ಅವಳು ಹೊರಗೆ ಹೋಗಿ ತೆಂಗಿನಕಾಯಿ ರಾಶಿಯ ಪಕ್ಕದ ನೆರಳಲ್ಲಿ ನಿಂತಳು. ನಾವು ಹೋದಾಗ ಕಣ್ಣು ಒರೆಸಿಕೊಂಡಿದ್ದಳು. “ಮನೀಗೆ ಹೋಗಾಣ. ನಂಗೆ ಇನ್ಯಾವ ಮಿಷನ್ನೂ ನೋಡಾದು ಬ್ಯಾಡ,” ಎಂದಳು.

ಸಾಬರು ನಿಲ್ದಾಣದ ದಿಕ್ಕಿಗೆ ತಿರುಗಿ, “ಹೋಗಾಣ ಬೇಟಿ. ಬಸ್ಸು ಹೆಂಗೂ ಹೊಳಲ್ಕೆರೆ ಮೇಲೇ ಹೋಗ್ತದೆ,” ಎಂದರು. ಇಷ್ಟೇ. ಇಳಿಯೋಣ ಎನ್ನಲಿಲ್ಲ, ಬೇಡ ಎನ್ನಲಿಲ್ಲ.

ಹೊಳಲ್ಕೆರೆ ಬರುವವರೆಗೆ ನಾನು ಅವರಿಬ್ಬರನ್ನೂ ಸರದಿಯಂತೆ ನೋಡುತ್ತಿದ್ದೆ. ನಿಲ್ದಾಣ ಬಂತು. ಜನ ಇಳಿದರು. ಕಂಡಕ್ಟರ್ ಸೀಟಿ ಬಾಯಿಗಿಟ್ಟ. ಆಗ ನಸೀಮಾ ಎದ್ದಳು. “ನೋಡಿ ಹೋಗಾಣ. ಆದ್ರೆ ಏಳರ ಬಸ್ ತಪ್ಪಿಸಂಗಿಲ್ಲ. ಬೆಳಗ್ಗೆ ನಂಗೆ ಡ್ಯೂಟಿ ಐತೆ.”

ಶೆಡ್ಡಿನ ಯಜಮಾನ ತಿಪ್ಪೇಸ್ವಾಮಿ ಹಣೆ ತುಂಬ ವಿಭೂತಿ ಹಚ್ಚಿದ ದಪ್ಪ ಮನುಷ್ಯ. ಅಡಿಕೆ ಸುಲಿಯುವ ಯಂತ್ರಗಳಿಗೆ ಬಿಡಿಭಾಗ ಮಾಡುತ್ತಿದ್ದವರು. ಈಗ ಶೆಡ್ ಖಾಲಿ ಮಾಡುತ್ತಿದ್ದರು. “ಬರ್ರಿ ಬರ್ರಿ, ಕುಂತ್ಕಳ್ರಿ,” ಎಂದು ಬೆಂಚು ಒರೆಸಿದರು. ಮೂಲೆಯಲ್ಲಿ ಮಿಷನ್ ನಿಂತಿತ್ತು. ಎದೆಯೆತ್ತರದ ಎರಕದ ಕಬ್ಬಿಣ, ಹಸಿರು ಬಣ್ಣ. ತಲೆಗೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಕೊರಳಿಗೆ ಚೆಂಡುಹೂವು, ಮೇಜಿನ ಮೇಲೆ ನಿಂಬೆಹಣ್ಣು. ನೋಡಿದ ಕೂಡಲೇ ಸಾಬರ ಕಣ್ಣು ಬದಲಾದವು. ಗೇಜು ತೆಗೆಯಲು ಜೇಬಿಗೆ ಕೈ ಹಾಕಿದರು.

“ಹಾಂ ಹಾಂ, ಮುಟ್ಟಂಗಿಲ್ಲ,” ಎಂದರು ತಿಪ್ಪೇಸ್ವಾಮಿ. “ಪೂಜೆ ಇಳ್ಸಿಲ್ಲ ಇನ್ನೂ. ಸಂಜೆ ನಮ್ಮಣ್ಣ ಬನ್ನಿ ತರ್ತಾನೆ. ಬನ್ನಿ ಇಟ್ಟು, ಕೈ ಮುಗ್ದು, ಆಮ್ಯಾಲೆ ಇಳ್ಸದು. ಅಲ್ಲೀತಂಕ ಒಂದು ನಟ್ಟೂ ತಿರುಗಂಗಿಲ್ಲ.”

“ಏಳಕ್ಕೆ ನಮ್ ಬಸ್ಸು,” ಎಂದೆ.

“ಅಷ್ಟ್ರಾಗೆ ಬರ್ತಾನ್ರಿ. ಬರದೆ ಎಲ್ಲಿ ಹೋಗ್ತಾನೆ?”

“ನಾಳೆ ಗುಜರಿಯೋರು ಮಾತ್ರ ಮುಟ್ಟಬಹುದಾ?”

“ನಾಳೆ ಪೂಜೆ ಇಳ್ದಿರ್ತದಲ್ಲ ಮೇಷ್ಟ್ರೇ,” ಎಂದರು. ಅವರ ಪ್ರಕಾರ ಅದು ಸರಿಯಾದ ಉತ್ತರವೇ. ಸಾಬರು ಕೈ ಹಿಂದಕ್ಕೆ ತೆಗೆದುಕೊಂಡು, “ನಮ್ ಶೆಡ್ಡಲ್ಲೂ ಹುಡುಗ್ರು ಹಿಂಗೇ ಮಾಡ್ತಿದ್ರು. ಇರ್ಲಿ, ಕಾಯಾಣ,” ಎಂದರು.

ಕಾದೆವು. ಮುಟ್ಟದೆ ಏನೇನು ನೋಡಬಹುದೋ ಎಲ್ಲ ನೋಡಿದೆವು. ನನ್ನ ಬಿದಿರು ಕೋಲನ್ನು ಗಾಳಿಯಲ್ಲೇ ಅಡ್ಡ ಹಿಡಿದೆ. ಬಾಗಿಲಲ್ಲಿ ಹಿಡಿಸುತ್ತದೆ, ಎರಡು ಬೆರಳು ಉಳಿಯುತ್ತದೆ. ಮೋಟರ್ ಫ್ಯಾಕ್ಟರಿ ಕರೆಂಟಿನದು. ಮನೆಯ ಕರೆಂಟಿಗೆ ಹೊಂದುವ ಮೋಟರು ಸಾಬರ ಬಳಿ ಇತ್ತು. ಆಗ ಅವರು ಬಗ್ಗಿ ಮೇಜಿನ ಎಡ ಮೂಲೆಯನ್ನು ನೋಡಿದರು. ಅಲ್ಲಿ ಅಂಚು ಇಲಿ ಕಡಿದ ರೊಟ್ಟಿಯಂತೆ ಜಜ್ಜಿಹೋಗಿತ್ತು.

“ಇದೇನು ತಿಪ್ಪೇಸ್ವಾಮ್ಯೋರೆ, ಇಲ್ಲಿ ಸುತ್ತಿಗೆ ಏಟು?”

“ಸುತ್ತಿಗೆ ಅಲ್ಲ, ಕಾಯಿ ಒಡ್ದಿರೋದು! ನಮ್ಮಪ್ಪನ ಕಾಲದಿಂದ ಪ್ರತಿ ಆಯುಧಪೂಜೆಗೂ ಅದೇ ಮೂಲೆ. ಒಂದೇ ಏಟಿಗೆ ಸಮ ಎರಡು ಹೋಳು.” ಅವರಿಗೆ ಹೆಮ್ಮೆ.

ಸಾಬರು ಹಣೆ ಚಚ್ಚಿಕೊಂಡರು. “ಅಯ್ಯೋ ಪುಣ್ಯಾತ್ಮ! ನೂಲಿನಷ್ಟೂ ವ್ಯತ್ಯಾಸ ಇರಬಾರದ ಮೇಜು ಇದು. ಕಾಯಿ ಒಡ್ಯಾಕೆ ಹೊರಗೆ ಕಲ್ಲಿರಲಿಲ್ವಾ? ಆ ನೀರೆಲ್ಲ ಎಲ್ಲಿಗೆ ಹೋಗಿರ್ತದೆ?”

“ದೇವ್ರಿಗೆ.”

“ದೇವ್ರಿಗಲ್ಲ, ಸ್ಕ್ರೂವಿಗೆ. ಒಳಗೆ ತುಕ್ಕು ಹಿಡಿದಿದ್ರೆ ಮಿಷನ್ ಕತೆ ಮುಗೀತು.”

ನಸೀಮಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಆರು ಗಂಟೆಯಾಯಿತು. ಅಣ್ಣ ಬರಲಿಲ್ಲ. ತಿಪ್ಪೇಸ್ವಾಮಿ ಫೋನ್ ಮಾಡಿದರು, ಎತ್ತಲಿಲ್ಲ. ಬೀದಿಯಲ್ಲಿ ಹೊಸ ಬಟ್ಟೆಯ ಜನ ಬನ್ನಿ ಹಂಚಿಕೊಳ್ಳುತ್ತ ಹೋಗುತ್ತಿದ್ದರು. ನಮ್ಮ ಶೆಡ್ಡಿಗೆ ಮಾತ್ರ ಬನ್ನಿ ಇಲ್ಲ. ಆರೂವರೆ. ಬಸ್ ನಿಲ್ದಾಣಕ್ಕೆ ಹತ್ತು ನಿಮಿಷದ ನಡಿಗೆ. ನಸೀಮಾ ಚೀಲ ಹೆಗಲಿಗೇರಿಸಿ ಬಾಗಿಲಿಗೆ ಬಂದು ನಿಂತಳು. ಸಾಬರು ಅವಳ ಕಡೆ ನೋಡಲಿಲ್ಲ, ಮಿಷನ್ ಕಡೆಯೂ ನೋಡಲಿಲ್ಲ, ನೆಲ ನೋಡುತ್ತಿದ್ದರು. ನಾನು ಏಳಲೋ ಕೂರಲೋ ತಿಳಿಯದೆ ಕೋಲು ಹಿಡಿದುಕೊಂಡಿದ್ದೆ.

ಆಗ ಬೈಕಿನ ಸದ್ದಾಯಿತು. “ಏನ್ ಮಾಡ್ಲಿ, ಕಂಡೋರೆಲ್ಲ ನಿಲ್ಸಿ ಬಂಗಾರ ಕೊಟ್ರು,” ಎನ್ನುತ್ತ ಅಣ್ಣ ಬನ್ನಿ ಕೊಂಬೆ ಹಿಡಿದು ಒಳಬಂದ. ತಿಪ್ಪೇಸ್ವಾಮಿ ಅವನಿಗೆ ಬಯ್ಯುತ್ತಲೇ ಎಲೆ ಕಿತ್ತು ಮಿಷನ್ನಿನ ಮೇಲಿಟ್ಟು ಕೈಮುಗಿದು, ನಿಂಬೆಹಣ್ಣು ತೆಗೆದರು, ಹಾರ ಬಿಚ್ಚಿದರು. “ಇಳೀತು. ಈಗ ನೋಡ್ರಿ.”

ಸಾಬರು ಅರವತ್ತು ವರ್ಷ ದಾಟಿದ ಮನುಷ್ಯನೆಂದು ಯಾರೂ ಹೇಳುತ್ತಿರಲಿಲ್ಲ. ಗೇಜು ಅಂಟಿಸಿ, ಭುಜ ಕೊಟ್ಟು ತಲೆಯನ್ನು ತಳ್ಳಿದರು. ಮುಳ್ಳು ಕದಲಿದ್ದೇ ಕಾಣಲಿಲ್ಲ. ಮೇಜಿನ ಹಿಡಿ ತಿರುಗಿಸಿದರು. ಎಡ ಕೊನೆಯಲ್ಲಿ ಕೊಂಚ ಬಿಗಿ, ಉಳಿದೆಡೆ ಬೆಣ್ಣೆಯಂತೆ ಸರಿಯಿತು. ಕಾಯಿನೀರು ಆ ಕೊನೆಯಲ್ಲೇ ನಿಂತಿತ್ತು, ಒಳಗೆ ಹೋಗಿರಲಿಲ್ಲ. ಚಾಲೂ ಮಾಡಿಸಿದರು. ಮಿಷನ್ ಮೆಲ್ಲಗೆ ಗುಂಯ್ಗುಡತೊಡಗಿತು.

“ಕೇಳ್ರಿ ಮೇಷ್ಟ್ರೇ! ಒಂದ್ ಚೂರು ಅಪಸ್ವರ ಐತಾ?”

ನನಗೇನೂ ಕೇಳಿಸಲಿಲ್ಲ. ತಲೆಯಾಡಿಸಿದೆ.

“ಐತೆ,” ಎಂದಳು ನಸೀಮಾ ಬಾಗಿಲಿನಿಂದಲೇ. “ಟಿಕ್ ಟಿಕ್ ಅಂತೈತೆ. ನಿಮ್ಗೆ ಕೇಳ್ತಿಲ್ವಾ?”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಸಾಬರ ಕಿವಿ ಪಂಪುಗಳ ನಡುವೆ ಎಂದೋ ಸವೆದಿತ್ತು, ನನ್ನದು ವಯಸ್ಸಿಗೆ. ಬೇರಿಂಗ್ ಒಡೆದಿದ್ದರೆ ಮಿಷನ್ ನಂಬುವಂತಿಲ್ಲ. ಅವಳು ಸುಮ್ಮನೆ ಬಸ್ಸಿಗೆ ಹೋಗಿಬಿಡಬಹುದಿತ್ತು. ಹೋಗಲಿಲ್ಲ. ಚೀಲ ಕೆಳಗಿಟ್ಟು ಒಳಗೆ ಬಂದಳು.

“ಹೆಂಗೆ ಹುಡುಕೋದು ಹೇಳ್ರಿ.”

ಸಾಬರು ಉದ್ದನೆಯ ಸ್ಕ್ರೂಡ್ರೈವರ್ ಕೊಟ್ಟರು. ತುದಿಯನ್ನು ತಿರುಗದ ಭಾಗಕ್ಕೆ ತಾಗಿಸಿ ಹಿಡಿಯನ್ನು ಕಿವಿಗೆ ಒತ್ತಿದರೆ ಒಳಗಿನ ಸದ್ದು ಕೇಳುತ್ತದೆ. ಅವಳು ದುಪಟ್ಟಾ ಸೊಂಟಕ್ಕೆ ಬಿಗಿದು, ಜಡೆಯನ್ನು ಗಂಟು ಹಾಕಿ ಬಗ್ಗಿದಳು. ಕಟರ್ ತಿರುಗಿಸುವ ಸ್ಪಿಂಡಲ್ಲಿಗೂ ಅವಳ ಕೆನ್ನೆಗೂ ಒಂದು ಮೊಳವೂ ಇರಲಿಲ್ಲ.

ಆಗ ಸಾಬರ ಮುಖ ನೋಡಿದೆ. ಬಣ್ಣವೇ ಇರಲಿಲ್ಲ. ಅವರ ಕೈ ಸ್ವಿಚ್ಚಿನ ಮೇಲೆ ಕೂತಿತ್ತು, ಗಾಯದ ಕೈ. “ಆಹಿಸ್ತಾ, ಬೇಟಿ, ಮೆಲ್ಲಗೆ. ಅಷ್ಟು ಹತ್ರ ಬ್ಯಾಡ. ಸಾಕು, ಬಿಡು, ಬಂದ್ಬಿಡು, ಮಿಷನ್ನೇ ಬ್ಯಾಡ ನಂಗೆ.”

“ಸುಮ್ನಿರಿ ಅಬ್ಬಾ, ಕೇಳ್ಸಲ್ಲ,” ಎಂದಳು. “ಕೆಳಗಿನ ಬೇರಿಂಗ್ ಇದಾ? ಇಲ್ಲಿ ಇಲ್ಲ. ಇಲ್ಲೂ ಇಲ್ಲ. ಮೇಲೆ ಬರ್ತಾ ಬರ್ತಾ ಜೋರಾತು. ಇಲ್ಲೇ. ಈ ಡಬ್ಬಿ ಒಳಗೆ.”

ಮಿಷನ್ ನಿಲ್ಲಿಸಿ, ಮೇನ್ ತೆಗೆದು, ಬೆಲ್ಟಿನ ಮೇಲಿನ ಮುಚ್ಚಳ ಬಿಚ್ಚಿದೆವು. ಬೆಲ್ಟ್ ಕೂರುವ ಚಕ್ರದ ಗಾಡಿಯಲ್ಲಿ ಕೂದಲೆಳೆಯಂಥ ತಂತಿ ಸುತ್ತಿಕೊಂಡಿತ್ತು. ಅದರ ತುದಿಯಲ್ಲಿ ಒಣಗಿ ಕಪ್ಪಾದ ಒಂದು ಹೂವಿನ ತೊಟ್ಟು. ಸುತ್ತಿಗೊಮ್ಮೆ ತಂತಿಯ ತುದಿ ಮುಚ್ಚಳಕ್ಕೆ ತಾಗುತ್ತಿತ್ತು.

“ಓಹೋ, ಹೋದ್ವರ್ಷದ ಹಾರ,” ಎಂದರು ತಿಪ್ಪೇಸ್ವಾಮಿ, ಮಗುವಿನಂತೆ.

ತಂತಿ ಕಿತ್ತು ಮತ್ತೆ ಓಡಿಸಿದೆವು. ನಸೀಮಾ ಕಣ್ಣು ಮುಚ್ಚಿ ಕೇಳಿದಳು. ನಾವು ಅವಳನ್ನೇ ನೋಡುತ್ತಿದ್ದೆವು. “ಇಲ್ಲ ಈಗ,” ಎಂದಳು. ಆಮೇಲೆ, “ಅವತ್ತು ಬಿದ್ದಂಗೆ ಇದ್ರಾಗೂ ಬೀಳ್ತದಾ?” ಎಂದು ಕೇಳಿದಳು.

ಸಾಬರು ಮಿಷನ್ ನಿಲ್ಲಿಸಿ ಸ್ಪಿಂಡಲ್ಲಿನ ನೆತ್ತಿಯಿಂದ ಕೆಳಗೆ ಇಳಿಯುವ ಉದ್ದ ಬೋಲ್ಟನ್ನು ತೋರಿಸಿದರು. ಡ್ರಿಲ್ಲಿನಲ್ಲಿ ಇಲ್ಲದ್ದು ಅದೇ. ಕಟರ್ ಹಿಡಿಯುವ ಚಕ್ಕನ್ನು ಅದು ಮೇಲಿನಿಂದ ಎಳೆದು ಬಿಗಿಯುತ್ತದೆ. ಬಿಗಿಯುವ ಸ್ಪ್ಯಾನರನ್ನು ಅವಳ ಕೈಗೇ ಕೊಟ್ಟರು. ಅವಳು ಬಿಗಿದಳು. ಕಟರ್ ಇಲ್ಲದ ಚಕ್ಕನ್ನು ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದಳು. ಮಂಡಿ ಮಡಿಸಿ ಪೂರಾ ಭಾರ ಬಿಟ್ಟಳು, ಎಡಕ್ಕೆ ಬಲಕ್ಕೆ ಜಗ್ಗಿದಳು. ಸಿಟ್ಟೆಲ್ಲ ಅದರ ಮೇಲೆಯೇ ತೀರಿಸಿದಂತಿತ್ತು. ಚಕ್ಕು ಕದಲಲಿಲ್ಲ. ಎದ್ದು ನಿಂತಾಗ ಉಬ್ಬಸ ಪಡುತ್ತಿದ್ದಳು. ಅಂಗೈ ತುಂಬ ಎಣ್ಣೆ.

“ಹ್ಞೂಂ,” ಎಂದಳು.

ಏಳರ ಬಸ್ಸು ಹೋದ ಸದ್ದು ಶೆಡ್ಡಿಗೆ ಕೇಳಿಸಿತು.

ಗುಜರಿಯ ರೇಟಿಗೆ ಸ್ವಲ್ಪ ಸೇರಿಸಿ ದುಡ್ಡು ಎಣಿಸಿಕೊಟ್ಟೆವು. ಅಡಿಕೆ ಮಂಡಿಯ ಹಮಾಲರು ಬಂದು ಮಿಷನ್ನಿನ ಕೆಳಗೆ ಪೈಪು ಉರುಳಿಸಿ ಅದನ್ನು ಗೂಡ್ಸ್ ಆಟೋಗೆ ಏರಿಸಿದರು. ನಾಲ್ಕೂ ಕಡೆ ಹಗ್ಗ ಬಿಗಿದರು. ತಿಪ್ಪೇಸ್ವಾಮಿ ಎಲ್ಲರ ಕೈಗೂ ಬನ್ನಿ ಎಲೆ ಕೊಟ್ಟು, “ಬಂಗಾರ ತಗಂಡು ಬಂಗಾರದಂಗಿರಾಣ,” ಎಂದರು. ನಸೀಮಾಗೂ ಕೊಟ್ಟರು. ಅವಳು ತೆಗೆದುಕೊಂಡು, “ಮುಂದಿನ್ವರ್ಷ ಇದಕ್ಕೆ ಕಾಯಿ ಒಡ್ಯಾಕೆ ಬರಬ್ಯಾಡ್ರಿ ಮತ್ತೆ,” ಎಂದಳು. ಆ ದಿನ ಮೊದಲ ಸಲ ನಾವೆಲ್ಲ ಒಟ್ಟಿಗೆ ನಕ್ಕೆವು.

ಮೂವತ್ತೈದು ಕಿಲೋಮೀಟರನ್ನು ಆಟೋ ಹಸುವಿನ ನಡಿಗೆಯಲ್ಲಿ ಮುಗಿಸಿತು. ಪ್ರತಿ ಉಬ್ಬಿಗೂ ಸಾಬರು ಕಿಟಕಿಯಿಂದ ತಲೆ ಹೊರಹಾಕಿ ಹಗ್ಗ ನೋಡುತ್ತಿದ್ದರು. ದುರ್ಗದ ದೀಪಗಳು ಕಂಡ ಮೇಲೆಯೇ ಅವರು ಬೆನ್ನು ಆನಿಸಿ ಕೂತದ್ದು. ನಮ್ಮ ಮನೆಯ ಮುಂದೆ ಇಳಿದಾಗ ಅವರು ಮುಖ ತಿರುಗಿಸಲಿಲ್ಲ. ನೇರ ಹಿತ್ತಲ ಬಾಗಿಲಿಗೆ ಹೋಗಿ ಚಿಲಕ ತೆಗೆದರು.

“ಮೇಷ್ಟ್ರೇ, ನಾಳೆ ಬೆಳಗ್ಗೇನೇ ಮೋಟರ್ ಬದ್ಲಿಸ್ತೀನಿ. ಮಧ್ಯಾಹ್ನಕ್ಕೆ ಒಂದು ಹಿತ್ತಾಳೆ ತುಂಡು ಹೆರೆದೇ ಬಿಡಾಣ,” ಎಂದರು.

“ಹೆರೀರಿ,” ಎಂದಳು ನಸೀಮಾ ಗೇಟಿನಿಂದ. “ಸ್ಪ್ಯಾನರ್ ಎಲ್ಲೈತೆ?”

ಸಾಬರು ಜೇಬು ತಡವಿದರು. ನಾನು ಆಟೋದೊಳಗೆ ಹುಡುಕಿದೆ. ಆ ಬೋಲ್ಟಿಗೆ ಕೂರುವುದು ಅದೊಂದೇ. ಅದಿಲ್ಲದೆ ಕಟರ್ ಏರುವುದಿಲ್ಲ.

“ನಾಳೆ ನಂಗೆ ಡ್ಯೂಟಿ. ನಾಡಿದ್ದು ಮಧ್ಯಾಹ್ನ ಬಂದು ನಾನೇ ಬಿಗೀತೀನಿ,” ಎಂದು ಅವಳು ತಿರುಗಿ ನಡೆದಳು. ಬೀದಿದೀಪದ ಬೆಳಕಿನಲ್ಲಿ, ಅವಳ ಹೆಗಲ ಕಪ್ಪು ಚೀಲ ಬೆಳಗ್ಗಿಗಿಂತ ಒಂದು ಗೇಣು ಕೆಳಗೆ ಜೋತು, ಹೆಜ್ಜೆಗೊಮ್ಮೆ ಸೊಂಟಕ್ಕೆ ಬಡಿಯುತ್ತಿತ್ತು.